ಜಾರುವ ಕ್ಲಚ್‌ಗೆ ‘ಸ್ಟೇಜ್ 3’ ಮದ್ದಲ್ಲ

ಪ್ರಶ್ನೆ: ನನ್ನದು ಎರಡು ಲೀಟರಿನ ಟರ್ಬೊ ಪೆಟ್ರೋಲ್ ಕಾರು, ಆರು ಗೇರಿನ ಮ್ಯಾನುಯಲ್. ಕಂಪನಿಯಿಂದ ಬಂದಾಗ 200 ಅಶ್ವಶಕ್ತಿ, 280 ನ್ಯೂಟನ್ ಮೀಟರ್ ಟಾರ್ಕ್ (ತಿರುಚುವ ಬಲ) ಇತ್ತು. ದೊಡ್ಡ ಟರ್ಬೊ, ಇಂಟರ್‌ಕೂಲರ್, ಇಂಜೆಕ್ಟರ್ ಹಾಕಿಸಿ ಟ್ಯೂನ್ ಮಾಡಿಸಿದ ಮೇಲೆ ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಚಕ್ರದ ಲೆಕ್ಕದಲ್ಲಿ 340 ಅಶ್ವಶಕ್ತಿ, 440 ನ್ಯೂಟನ್ ಮೀಟರ್ ಬಂದಿದೆ. ಆದರೆ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಆರ್‌ಪಿಎಂ ಮೇಲೇರುತ್ತದೆ, ಕಾರು ಅಲ್ಲೇ ಇರುತ್ತದೆ. ಒಬ್ಬ ಟ್ಯೂನರ್ ‘ಸ್ಟೇಜ್ 3’ ಎನ್ನುವ, ಫ್ಯಾನಿನ ರೆಕ್ಕೆಯಂಥ ಆರು ಪಕ್ಕುಗಳ, ಸ್ಪ್ರಿಂಗ್ ಇಲ್ಲದ ಸೆರಾಮಿಕ್ ಕ್ಲಚ್ ಹಾಕಿಸಿ ಎನ್ನುತ್ತಾರೆ. ಗೆಳೆಯನೊಬ್ಬ ಟ್ವಿನ್ ಪ್ಲೇಟ್ (ಎರಡು ಪ್ಲೇಟಿನ ಕ್ಲಚ್) ಬಿಟ್ಟು ಬೇರೇನೂ ಬೇಡ ಎನ್ನುತ್ತಾನೆ. ದಿನವೂ ಕಚೇರಿಗೆ ಹೋಗುವುದು ಇದೇ ಕಾರಿನಲ್ಲಿ, ತಿಂಗಳಿಗೊಮ್ಮೆ ಟ್ರ್ಯಾಕ್‌ಗೆ ಒಯ್ಯುತ್ತೇನೆ. ಯಾವುದನ್ನು ಹಾಕಿಸಲಿ? ಕಂಪನಿಯ ಡ್ಯುಯಲ್ ಮಾಸ್ (ನಡುವೆ ಸ್ಪ್ರಿಂಗ್ ಇರುವ, ಎರಡು ತುಂಡಿನ) ಫ್ಲೈವೀಲನ್ನೇ ಉಳಿಸಿಕೊಳ್ಳಬಹುದೆ?

ಉತ್ತರ: ಗೆಳೆಯನ ಮಾತು ಸರಿ, ಆದರೆ ಅವರು ಕೊಟ್ಟಿರಬಹುದಾದ ಕಾರಣ ಬಹುಶಃ ಸರಿಯಿಲ್ಲ. ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಆರ್ಗ್ಯಾನಿಕ್ (ನಾರು, ರಾಳ ಬೆರೆತ) ಲೈನಿಂಗ್, ಅಂದರೆ ಉಜ್ಜುವ ಪದರ, ಇರುವ ಟ್ವಿನ್ ಪ್ಲೇಟ್, ಪ್ಲೇಟಿನ ನಡುಭಾಗವಾದ ಹಬ್‌ನಲ್ಲಿ ಸ್ಪ್ರಿಂಗ್, ಅದರ ಜೊತೆಗೇ ಬರುವ ಉಕ್ಕಿನ ಫ್ಲೈವೀಲ್. ಎಂಜಿನ್ನಿಗೆ ಅಂಟಿದ ಭಾರದ ಚಕ್ರವಾದ ಫ್ಲೈವೀಲಿಗೂ, ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಷರ್ ಪ್ಲೇಟಿಗೂ ನಡುವೆ ಸಿಕ್ಕಿಕೊಂಡು ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ದಾಟಿಸುವ ತಟ್ಟೆಯೇ ಕ್ಲಚ್ ಪ್ಲೇಟ್. ನನ್ನ ಆಯ್ಕೆ ಯಾಕೆ ಹೀಗೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು. ಶಾಲೆಯ ಗುಣಾಕಾರ ಸಾಕು. ಆ ಲೆಕ್ಕ ಕೈವಶವಾದರೆ ನಾಳೆ ಮೂರನೆಯವರು ಬಂದು ನಾಲ್ಕನೆಯ ಕ್ಲಚ್ ತೋರಿಸಿದರೂ ನೀವೇ ತೂಗಿ ನೋಡಬಹುದು.

ಅದಕ್ಕೂ ಮೊದಲು ಒಂದು ಅನುಮಾನ ಪರಿಹರಿಸಿಕೊಳ್ಳಿ. ಜಾರುತ್ತಿರುವುದು ಕ್ಲಚ್ ಸೋತಿದ್ದರಿಂದಲೇ ಎಂದು ಖಚಿತವೆ? ಒಮ್ಮೆ ನನ್ನ ಬಳಿ ಬಂದ ಕಾರಿಗೆ ಎಂಟು ತಿಂಗಳಲ್ಲಿ ಎರಡು ಕ್ಲಚ್ ಬದಲಾಗಿತ್ತು, ಎರಡನೆಯದು ಮೊದಲನೆಯದಕ್ಕಿಂತ ಬಲಶಾಲಿ, ಎರಡೂ ಜಾರಿದ್ದವು. ಗೇರ್‌ಬಾಕ್ಸ್ ಇಳಿಸಿ ಟಾರ್ಚ್ ಬಿಟ್ಟು ನೋಡಿದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲಿನಿಂದ ಕೂದಲೆಳೆಯಷ್ಟು ಎಣ್ಣೆ ಜಿನುಗಿ, ಫ್ಲೈವೀಲಿನ ತಿರುಗಾಟಕ್ಕೆ ಹೊರಕ್ಕೆ ಚೆಲ್ಲಿ, ಲೈನಿಂಗಿನ ಅಂಚೆಲ್ಲ ಕಪ್ಪು ಮೇಣದಂತೆ ಹೊಳೆಯುತ್ತಿತ್ತು. ಅಂಗೈಯಗಲದ ರಬ್ಬರ್ ಉಂಗುರವೊಂದು ಎರಡು ಕ್ಲಚ್‌ಗಳನ್ನು ನುಂಗಿತ್ತು. ಅದೇ ರೀತಿ ಪೆಡಲಿನ ಹಿಂದಿನ ಕಡ್ಡಿಗೆ ಒಂದಿಷ್ಟೂ ಸಡಿಲು ಬಿಡದೆ ಬಿಗಿದಿದ್ದರೆ ಹೈಡ್ರಾಲಿಕ್ ಲೈನಿನಲ್ಲಿ ಒತ್ತಡ ಉಳಿದುಕೊಂಡು, ಕಾಲು ತೆಗೆದರೂ ಕ್ಲಚ್ ಪೂರ್ತಿ ಕೂರುವುದಿಲ್ಲ. ಕಾರು ಸದಾ ಒಂದು ಎಳೆ ಹಾಫ್ ಕ್ಲಚ್‌ನಲ್ಲೇ ಓಡುತ್ತಿರುತ್ತದೆ. ನಿಮ್ಮ ಟಾರ್ಕಿನ ಅಂಕಿ ನೋಡಿದರೆ ಕಂಪನಿಯ ಕ್ಲಚ್ ಸೋಲುವುದು ಸಹಜವೇ. ಆದರೂ ಗೇರ್‌ಬಾಕ್ಸ್ ಹೇಗೂ ಇಳಿಯುತ್ತದಲ್ಲ, ಆ ಸೀಲನ್ನು ನೋಡದೆ ಮುಚ್ಚಬೇಡಿ.

ಈಗ ಲೆಕ್ಕ. ಕ್ಲಚ್‌ಗೆ ಅಶ್ವಶಕ್ತಿ ಗೊತ್ತಿಲ್ಲ, ಟಾರ್ಕ್ ಮಾತ್ರ ಗೊತ್ತು. 400 ಅಶ್ವಶಕ್ತಿ ಎಂದರೆ ಸುಮಾರು 298 ಕಿಲೋವ್ಯಾಟ್. ಅದನ್ನು 7000 ಆರ್‌ಪಿಎಂನಲ್ಲಿ ಕೊಡುವ ಎಂಜಿನ್ ಆ ಕ್ಷಣದಲ್ಲಿ ತಿರುಚುವುದು ಸುಮಾರು 407 ನ್ಯೂಟನ್ ಮೀಟರಿನಷ್ಟು. ಅಷ್ಟೇ ಶಕ್ತಿಯನ್ನು 3500 ಆರ್‌ಪಿಎಂನಲ್ಲಿ ಕೊಡುವ ದೊಡ್ಡ ಡೀಸೆಲ್ ತಿರುಚುವುದು ಅದರ ಎರಡರಷ್ಟು. ಬಾನೆಟ್ ಮೇಲೆ ಬರೆದುಕೊಳ್ಳುವ ಅಶ್ವಶಕ್ತಿ ಒಂದೇ ಆದರೂ ಎರಡನೆಯದಕ್ಕೆ ಬೇಕಾದ ಕ್ಲಚ್‌ನ ಜಾತಿಯೇ ಬೇರೆ. ಹಾಗಾಗಿ ‘500 ಅಶ್ವಶಕ್ತಿವರೆಗೆ ತಡೆಯುತ್ತದೆ’ ಎಂದಷ್ಟೇ ಬರೆದ ಡಬ್ಬವನ್ನು ನಾನು ಅಲ್ಲೇ ಇಟ್ಟು ಬರುತ್ತೇನೆ.

ನಿಮ್ಮ 440 ಚಕ್ರದ ಬಳಿಯ ಅಂಕಿ. ಗೇರ್‌ಬಾಕ್ಸ್, ಆಕ್ಸಲ್, ಟೈರುಗಳು ತಮ್ಮ ಪಾಲು ತಿಂದ ಮೇಲೆ ಉಳಿದದ್ದು. ಕ್ಲಚ್ ಕುಳಿತಿರುವುದು ಆ ನಷ್ಟಕ್ಕೆ ಮುಂಚೆ. ಟ್ಯೂನರ್‌ಗಳು ರೂಢಿಯಲ್ಲಿ ಹಿಡಿಯುವ 15 ಶೇಕಡಾ ನಷ್ಟವನ್ನು ಒಪ್ಪಿದರೆ ಕ್ರ್ಯಾಂಕಿನಲ್ಲಿ ಸುಮಾರು 518 ನ್ಯೂಟನ್ ಮೀಟರ್ ಇರುತ್ತದೆ. ಅದರ ಮೇಲೆ ಕಾಲು ಪಾಲು ಮೀಸಲು ಇಡಿ: ತಣ್ಣಗಿನ ರಾತ್ರಿ ಟರ್ಬೊ ಸ್ವಲ್ಪ ಹೆಚ್ಚೇ ಊದುತ್ತದೆ, ಕ್ಲಚ್ ಬಿಸಿಯಾದಾಗ ಹಿಡಿತ ಸ್ವಲ್ಪ ಕಳೆದುಕೊಳ್ಳುತ್ತದೆ, ಗೇರ್ ಬಿದ್ದ ಕ್ಷಣದ ಹೊಡೆತ ಡೈನೊ ಹಾಳೆಯಲ್ಲಿ ಕಾಣುವುದಿಲ್ಲ. ಆಗ ಬೇಕಾದದ್ದು 650ರ ಆಸುಪಾಸು. ಸಾವಿರ ಯಾಕೆ ಬೇಡ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಕ್ಲಚ್‌ನ ತಾಕತ್ತು ನಾಲ್ಕು ಸಂಖ್ಯೆಗಳ ಗುಣಲಬ್ಧ: ಉಜ್ಜುವ ಮುಖಗಳೆಷ್ಟು, ಲೈನಿಂಗಿನ ಘರ್ಷಣಾಂಕವೆಷ್ಟು, ಪ್ರೆಷರ್ ಪ್ಲೇಟ್ ಒತ್ತುವ ಬಲವೆಷ್ಟು, ಉಜ್ಜುವ ಉಂಗುರದ ಸರಾಸರಿ ತ್ರಿಜ್ಯವೆಷ್ಟು. ನಿಮ್ಮಂಥ ಕಾರಿನಲ್ಲಿ ಇರಬಹುದಾದ ಕಂಪನಿ ಕ್ಲಚ್ಚೊಂದನ್ನು ಊಹಿಸಿಕೊಳ್ಳೋಣ. ಹೊರವ್ಯಾಸ 240 ಮಿಲಿಮೀಟರ್, ಒಳವ್ಯಾಸ 160. ಸರಾಸರಿ ತ್ರಿಜ್ಯ 100 ಮಿಲಿಮೀಟರ್. ಒಂದು ಪ್ಲೇಟ್, ಎರಡು ಮುಖ. ಆರ್ಗ್ಯಾನಿಕ್ ಲೈನಿಂಗ್, ಘರ್ಷಣಾಂಕ 0.3. ಒತ್ತುವ ಬಲ 6000 ನ್ಯೂಟನ್. ಗುಣಿಸಿದರೆ 360 ನ್ಯೂಟನ್ ಮೀಟರ್. ಕಂಪನಿಯ 280ರ ಎಂಜಿನ್‌ಗೆ ಇದು ಹೇಳಿ ಮಾಡಿಸಿದ ಜೋಡಿ. ನಿಮ್ಮ 518ರ ಮುಂದೆ ಜಾರದೆ ಇನ್ನೇನು ಮಾಡೀತು?

ಈಗ ಸಂಖ್ಯೆಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿ. ಪ್ರೆಷರ್ ಪ್ಲೇಟ್ ಮಾತ್ರ ಬದಲಿಸಿ ಬಲವನ್ನು 30 ಶೇಕಡಾ ಏರಿಸಿದರೆ 468. ಸಾಲದು. ಲೈನಿಂಗ್ ಮಾತ್ರ ಬದಲಿಸಿ 0.4ರ ಸೆರಾಮಿಕ್ ಹಾಕಿದರೆ 480. ಅದೂ ಸಾಲದು. ಎರಡನ್ನೂ ಮಾಡಿದರೆ 624; ನಿಮ್ಮ ಟ್ಯೂನರ್ ಹೇಳುತ್ತಿರುವ ‘ಸ್ಟೇಜ್ 3’ ಹೆಚ್ಚುಕಡಿಮೆ ಇದೇ. ಇನ್ನೊಂದು ದಾರಿ: ಲೈನಿಂಗನ್ನು ಆರ್ಗ್ಯಾನಿಕ್ ಆಗಿಯೇ ಬಿಟ್ಟು, ಪ್ಲೇಟ್‌ಗಳನ್ನು ಎರಡು ಮಾಡಿ. ವ್ಯಾಸ ಚಿಕ್ಕದಾಗುತ್ತದೆ ಎಂದಿಟ್ಟುಕೊಳ್ಳಿ: ಹೊರಗೆ 200, ಒಳಗೆ 140, ಸರಾಸರಿ ತ್ರಿಜ್ಯ 85. ಮುಖಗಳು ನಾಲ್ಕು. ಒತ್ತುವ ಬಲ 6500, ಅಂದರೆ ಮೊದಲಿಗಿಂತ ಎಂಟು ಶೇಕಡಾ ಮಾತ್ರ ಜಾಸ್ತಿ. ಗುಣಿಸಿ: 663.

ಇದನ್ನು ಕಾಗದದ ಮೇಲೆ ನೀವೇ ಒಮ್ಮೆ ಬರೆದು ನೋಡಿದರೆ ಒಳ್ಳೆಯದು. 624 ಪಡೆಯಲು ಕಾಲಿಗೆ 30 ಶೇಕಡಾ ಹೆಚ್ಚು ಭಾರ ಹಾಕಿ ಮೇಲಿನಿಂದ ಒರಟು ಲೈನಿಂಗ್ ಕೊಡಬೇಕು. 663 ಪಡೆಯಲು ಎರಡೂ ಬೇಕಿಲ್ಲ. ಫಾರ್ಮುಲಾ ಒನ್ ಕಾರುಗಳ ಕ್ಲಚ್ 100 ಮಿಲಿಮೀಟರಿಗಿಂತಲೂ ಸಣ್ಣದು, ಅಂಗೈಯಲ್ಲಿ ಕೂರುತ್ತದೆ. ಅಷ್ಟು ಚಿಕ್ಕ ವಸ್ತು ಅಂಥ ಎಂಜಿನ್ನನ್ನು ಹಿಡಿಯುವುದು ಕಾರ್ಬನ್ ಪ್ಲೇಟ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದರಿಂದ.

ಸೂತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಗಮನಿಸಿ: ಲೈನಿಂಗಿನ ವಿಸ್ತೀರ್ಣ. ಪೂರ್ತಿ ದುಂಡಗಿನ ಪ್ಲೇಟನ್ನು ಕತ್ತರಿಸಿ ಆರು ಪಕ್ಕು ಮಾಡಿದ ಮಾತ್ರಕ್ಕೆ ಹಿಡಿತ ಹೆಚ್ಚುವುದಿಲ್ಲ. ಒತ್ತುವ ಬಲ ಅಷ್ಟೇ, ಅದು ಕಡಿಮೆ ಜಾಗದ ಮೇಲೆ ಬೀಳುತ್ತದೆ, ಅಷ್ಟೇ. ಪಕ್ಕು ಮಾಡುವುದು ತೂಕ ಇಳಿಸಲು, ಗಾಳಿ ಆಡಲು, ಮತ್ತು ಸೆರಾಮಿಕ್ ಎಂದು ನಾವು ಕರೆಯುವ ಲೋಹಮಿಶ್ರಿತ ತುಂಡುಗಳನ್ನು ಕೂರಿಸಲು ಅದೇ ಸುಲಭದ ದಾರಿ ಎಂಬ ಕಾರಣಕ್ಕೆ. ‘ಆರು ಪಕ್ಕಿಗಿಂತ ಮೂರು ಪಕ್ಕು ಜಾಸ್ತಿ ಹಿಡಿಯುತ್ತದೆ’ ಎಂದು ಯಾರಾದರೂ ಹೇಳಿದರೆ ಸೂತ್ರದಲ್ಲಿ ಅದು ಎಲ್ಲಿ ಬರುತ್ತದೆಂದು ಕೇಳಿ. ಪಕ್ಕು ಕಡಿಮೆಯಾದಷ್ಟೂ ಸವೆತ ಬೇಗ, ಫ್ಲೈವೀಲಿನ ಮೇಲೆ ಬಿಸಿ ಚುಕ್ಕೆಗಳು ಹೆಚ್ಚು.

‘ಸ್ಟೇಜ್’ ಎಂಬ ಪದದ ಬಗ್ಗೆ ಎರಡೇ ಮಾತು. ಸ್ಟೇಜ್ 1, 2, 3 ಎನ್ನುವುದಕ್ಕೆ ಯಾವ ಸಾಮಾನ್ಯ ಮಾನದಂಡವೂ ಇಲ್ಲ. ಒಬ್ಬ ತಯಾರಕರ 3 ಇನ್ನೊಬ್ಬರ 1ಕ್ಕಿಂತ ದುರ್ಬಲವಾಗಿರಬಹುದು. ಅಂಗಿಯ ಅಳತೆಯಾದರೂ ಒಂದು ಮಟ್ಟಿಗೆ ಹೊಂದುತ್ತದೆ, ಇದು ಅದೂ ಅಲ್ಲ.

ಸೆರಾಮಿಕ್ ಬಗ್ಗೆ ನನಗೆ ದ್ವೇಷವಿಲ್ಲ, ಅನುಭವವಿದೆ. ಕೆಲವು ವರ್ಷಗಳ ಹಿಂದೆ ನನ್ನ ಸ್ವಂತ ಕಾರಿಗೆ ನಾಲ್ಕು ಪಕ್ಕಿನ, ಸ್ಪ್ರಿಂಗ್ ಇಲ್ಲದ ಸೆರಾಮಿಕ್ ಪ್ಲೇಟ್ ಹಾಕಿದ್ದೆ. ಹಿಡಿತದ ವಿಷಯದಲ್ಲಿ ಒಂದು ದಿನವೂ ಮೋಸ ಮಾಡಲಿಲ್ಲ. ಆದರೆ ಪಾರ್ಕಿಂಗ್ ಕಟ್ಟಡದ ಇಳಿಜಾರಿನಲ್ಲಿ ಹಿಂದಕ್ಕೆ ತೆಗೆಯುವಾಗ ಇಡೀ ಕಾರು ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಡ್ಯಾಷ್‌ಬೋರ್ಡಿನ ಮೇಲಿಟ್ಟ ಕನ್ನಡಕ ಜಾರಿ ಕಾಲ ಬಳಿ ಬೀಳುತ್ತಿತ್ತು. ಸಾಮಾನ್ಯ ಕ್ಲಚ್‌ನಲ್ಲಿ ಎರಡು ಲೈನಿಂಗುಗಳ ನಡುವೆ ಅಲೆಯಂತೆ ಬಾಗಿದ ತೆಳು ಉಕ್ಕಿನ ತಗಡು ಇರುತ್ತದೆ. ಪೆಡಲ್ ಬಿಡುವಾಗ ಅದು ನಿಧಾನವಾಗಿ ಚಪ್ಪಟೆಯಾಗುತ್ತ ಹೋಗುವುದರಿಂದಲೇ ಹಾಫ್ ಕ್ಲಚ್ ಎಂಬ ಸುಖದ ವಲಯ ನಮಗೆ ಸಿಗುವುದು. ನನ್ನ ಪ್ಲೇಟಿನಲ್ಲಿ ಆ ತಗಡೇ ಇರಲಿಲ್ಲ. ಹಿಡಿತ ಇದೆ ಅಥವಾ ಇಲ್ಲ, ಎರಡೇ ಸ್ಥಿತಿ. ನಡುಕ ತಪ್ಪಿಸಲು ಹೆಚ್ಚು ಆರ್‌ಪಿಎಂ ಕೊಟ್ಟು ಬೇಗ ಬಿಡುವ ಅಭ್ಯಾಸ ಮಾಡಿಕೊಂಡೆ. ಅಕ್ಕಪಕ್ಕದವರೆಲ್ಲ ಇವನಿಗೇನು ಅವಸರ ಎಂದು ತಿರುಗಿ ನೋಡುತ್ತಿದ್ದರು. ಮೂರು ತಿಂಗಳಲ್ಲಿ ತೆಗೆದು ಹಾಕಿದೆ. ತೆಗೆದ ಪ್ಲೇಟ್ ಹೊಸದರಂತೆಯೇ ಇತ್ತು, ಸವೆದದ್ದು ನಾನು.

ಉಳಿದ ಲೈನಿಂಗುಗಳನ್ನು ಬೇಗ ಮುಗಿಸುತ್ತೇನೆ. ಕೆವ್ಲಾರ್ ಎಂಬ ಕೃತಕ ನಾರಿನದು ಮೃದು, ಬಾಳಿಕೆಯೂ ಚೆನ್ನ, ಆದರೆ ಘರ್ಷಣಾಂಕ ಆರ್ಗ್ಯಾನಿಕ್‌ಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿಲ್ಲ. ಒಮ್ಮೆ ಅತಿಯಾಗಿ ಬಿಸಿಯಾಗಿ ಗಾಜುಗಟ್ಟಿದರೆ ಮತ್ತೆ ದಾರಿಗೆ ಬರುವುದು ಕಷ್ಟ. ಒಂದು ಕಡೆ ಆರ್ಗ್ಯಾನಿಕ್, ಇನ್ನೊಂದು ಕಡೆ ಸೆರಾಮಿಕ್ ಇರುವ ಮಿಶ್ರ ಪ್ಲೇಟ್‌ಗಳೂ ಉಂಟು. ಎರಡು ಘರ್ಷಣಾಂಕಗಳ ಸರಾಸರಿ 0.35 ಎಂದು ಹಿಡಿದು, 30 ಶೇಕಡಾ ಹೆಚ್ಚು ಬಲದೊಡನೆ ಗುಣಿಸಿ: 546. ನಿಮಗೆ ಅಂಚಿನಲ್ಲಿ ನಿಂತಂತೆ. 400 ನ್ಯೂಟನ್ ಮೀಟರಿನವರಿಗೆ ಅದು ಒಳ್ಳೆಯ ಆಯ್ಕೆಯಾದೀತು. ಸಿಂಟರ್ಡ್ ಐರನ್ (ಕಬ್ಬಿಣದ ಪುಡಿಯನ್ನು ಒತ್ತಿ ಬಿಸಿಮಾಡಿ ಮಾಡಿದ್ದು), ನಿಂತಲ್ಲಿಂದ ನೇರ ಗೆರೆಯಲ್ಲಿ ನುಗ್ಗುವ ಡ್ರ್ಯಾಗ್ ರೇಸಿನವರ ಸ್ವತ್ತು; ಫ್ಲೈವೀಲನ್ನು ಅರದಂತೆ ಉಜ್ಜುತ್ತದೆ. ಕಾರ್ಬನ್ ಬಿಸಿಯಾದಷ್ಟೂ ಹಿಡಿಯುತ್ತದೆ, ತಣ್ಣಗಿದ್ದಾಗ ಸೋಮಾರಿ. ಮುಂಜಾನೆ ಕಚೇರಿಗೆ ಹೊರಡುವವರಿಗೆ ಅದರ ಸಹವಾಸ ಬೇಡ.

ಇನ್ನು ಶಾಖ. ಟಾರ್ಕ್ ತಡೆಯುವುದು ಒಂದು ಪರೀಕ್ಷೆ, ಶಾಖ ನುಂಗುವುದು ಇನ್ನೊಂದು. ಕ್ಲಚ್ ಸಾಯುವುದು ಹೆಚ್ಚಾಗಿ ಎರಡನೆಯದರಲ್ಲಿ. ನಿಮ್ಮನ್ನೂ ಸೇರಿಸಿ ಕಾರಿನ ತೂಕ 1500 ಕಿಲೋ ಎನ್ನೋಣ. ಎಂಜಿನ್ನನ್ನು ಒಂದೇ ವೇಗದಲ್ಲಿ ಹಿಡಿದು ಸಮನಾಗಿ ಕ್ಲಚ್ ಬಿಟ್ಟರೆ, ಜಾರಾಟ ನಿಲ್ಲುವ ಹೊತ್ತಿಗೆ ಕಾರು ಎಷ್ಟು ಚಲನಶಕ್ತಿ ಪಡೆದಿರುತ್ತದೋ ಸರಿಸುಮಾರು ಅಷ್ಟೇ ಶಕ್ತಿ ಕ್ಲಚ್‌ನಲ್ಲಿ ಶಾಖವಾಗಿರುತ್ತದೆ. ಸಿಗ್ನಲ್ಲಿನಲ್ಲಿ ಮೆತ್ತಗೆ, ಗಂಟೆಗೆ 10 ಕಿಲೋಮೀಟರ್ ವೇಗಕ್ಕೆ ಕ್ಲಚ್ ಪೂರ್ತಿ ಕೂರುವಂತೆ ಹೊರಟರೆ ಸುಮಾರು 6 ಕಿಲೋಜೂಲ್. ಅದೇ 4000 ಆರ್‌ಪಿಎಂ ಹಿಡಿದು, 36 ಕಿಲೋಮೀಟರ್ ವೇಗದವರೆಗೆ ಜಾರಿಸುತ್ತ ನುಗ್ಗಿದರೆ 75 ಕಿಲೋಜೂಲ್. ಒಂದು ನುಗ್ಗಾಟಕ್ಕೆ ಹನ್ನೆರಡು ಸಿಗ್ನಲ್ಲುಗಳ ಶಾಖ, ಅದೂ ಎರಡು ಮೂರು ಸೆಕೆಂಡಿನಲ್ಲಿ. ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ಸೇರಿ 13 ಕಿಲೋ ಕಬ್ಬಿಣವಿದ್ದರೆ ಒಟ್ಟು ಲೋಹದ ಉಷ್ಣತೆ ಒಮ್ಮೆಗೆ 12 ಡಿಗ್ರಿಯಷ್ಟು ಏರುತ್ತದೆ. ಇಷ್ಟೇನಾ ಅನ್ನಿಸಬಹುದು. ಆದರೆ ಅದು ಸರಾಸರಿ. ಆ ಕ್ಷಣದಲ್ಲಿ ಉಜ್ಜುವ ಮೇಲ್ಪದರ ಅದರ ಎಷ್ಟೋ ಪಟ್ಟು ಬಿಸಿಯಾಗಿರುತ್ತದೆ. ಬೆನ್ನುಬೆನ್ನಿಗೆ ಹತ್ತು ಸಲ ಮಾಡಿದರೆ ಸರಾಸರಿಯೇ 120 ಡಿಗ್ರಿ ಮೇಲೇರಿರುತ್ತದೆ, ಮೇಲ್ಪದರದ ಮಾತು ಬಿಡಿ. ಬಿಚ್ಚಿದ ಫ್ಲೈವೀಲಿನ ಮೇಲೆ ನೀಲಿ ಮಚ್ಚೆಗಳೂ, ಕೂದಲಿನಂಥ ಅಡ್ಡ ಬಿರುಕುಗಳೂ ಕಂಡರೆ ಮಾಲೀಕರ ಎಡಗಾಲಿನ ಚರಿತ್ರೆ ಅಲ್ಲೇ ಬರೆದಿರುತ್ತದೆ. ನಾನು ಏನನ್ನೂ ಕೇಳುವುದಿಲ್ಲ.

ಇಲ್ಲಿ ನಿಮಗೆ ಅನುಕೂಲವಾದ ಸಂಗತಿಯೊಂದಿದೆ. ಸುತ್ತು ಹೊಡೆಯುವ ಟ್ರ್ಯಾಕ್, ಕ್ಲಚ್‌ನ ದೃಷ್ಟಿಯಲ್ಲಿ ಅಷ್ಟೇನೂ ಕಷ್ಟದ ಜಾಗವಲ್ಲ. ಹೊರಟ ಮೇಲೆ ಕ್ಲಚ್ ಮುಚ್ಚಿಯೇ ಇರುತ್ತದೆ. ಗೇರ್ ಬದಲಾವಣೆಯಲ್ಲಿ ಕ್ಷಣಮಾತ್ರ ಜಾರುತ್ತದೆ. ಬ್ರೇಕುಗಳು ನರಳುತ್ತವೆ, ಕ್ಲಚ್ ನರಳುವುದಿಲ್ಲ. ಡ್ರ್ಯಾಗ್ ಸ್ಟ್ರಿಪ್ ಆದರೆ ಕತೆ ತಿರುಗುಮುರುಗು, ಅಲ್ಲಿ ಎಲ್ಲವೂ ಮೊದಲ ಮೂರು ಸೆಕೆಂಡಿನಲ್ಲಿ. ನೀವು ಟ್ರ್ಯಾಕ್ ಎಂದಿದ್ದೀರಿ, ಅದು ಯಾವ ಬಗೆಯದೆಂದು ಬರೆದಿಲ್ಲ. ಸುತ್ತಿನದು ಎಂದು ಭಾವಿಸಿ ಆರ್ಗ್ಯಾನಿಕ್ ಹೇಳುತ್ತಿದ್ದೇನೆ. ಗೆರೆಯಲ್ಲಿ ನಿಂತು 5000 ಆರ್‌ಪಿಎಂನಲ್ಲಿ ಕ್ಲಚ್ ಒಮ್ಮೆಲೇ ಬಿಟ್ಟುಬಿಡುವವರಾದರೆ ಟ್ವಿನ್ ಪ್ಲೇಟಿನಲ್ಲೇ ಸೆರಾಮಿಕ್ ಮುಖ ಇರುವುದನ್ನು ನೋಡಿ, ಕಚೇರಿಗೆ ಬೇರೆ ವಾಹನ ನೋಡಿಕೊಳ್ಳಿ.

ಟ್ವಿನ್ ಪ್ಲೇಟ್ ದೋಷವಿಲ್ಲದ ದೇವರಲ್ಲ. ಬೆಲೆ ಹೆಚ್ಚು. ನಾಲ್ಕು ಮುಖಗಳೂ ಬಿಡಿಸಿಕೊಳ್ಳಬೇಕಾದ್ದರಿಂದ ಪ್ರೆಷರ್ ಪ್ಲೇಟ್ ಹೆಚ್ಚು ದೂರ ಸರಿಯಬೇಕು. ಹೈಡ್ರಾಲಿಕ್ಸ್ ಅಷ್ಟು ದೂರ ತಳ್ಳದಿದ್ದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳದೆ, ಮೊದಲ ಗೇರ್ ಮತ್ತು ರಿವರ್ಸ್ ಹಾಕುವಾಗ ಕರಕರ ಎನ್ನುತ್ತದೆ. ಎರಡು ಪ್ಲೇಟ್‌ಗಳ ನಡುವಿನ ತೇಲುವ ಪ್ಲೇಟ್ ಕೆಲವು ವಿನ್ಯಾಸಗಳಲ್ಲಿ ಪೆಡಲ್ ಒತ್ತಿದಾಗ ಗಲಗಲ ಸದ್ದು ಮಾಡುತ್ತದೆ. ಉಕ್ಕಿನ ಪಟ್ಟಿಗಳಿಂದ ಹಿಡಿದಿಟ್ಟ ತೇಲುವ ಪ್ಲೇಟ್ ಇರುವುದನ್ನು ಆರಿಸಿದರೆ ಆ ಸದ್ದು ಬಹುಪಾಲು ತಪ್ಪುತ್ತದೆ. ಇನ್ನೊಂದು: ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ ಅಂಟಿಕೊಂಡು ತಿರುಗುವ ಪ್ಲೇಟ್‌ಗಳು ಭಾರವಾದಷ್ಟೂ ಪ್ರತಿ ಗೇರಿಗೂ ವೇಗ ಹೊಂದಿಸುವ ಸಿಂಕ್ರೊಗಳು ಅದನ್ನು ನಿಧಾನಿಸಲು ಹೆಣಗಬೇಕು. ವ್ಯಾಸ ಚಿಕ್ಕದಿರುವುದು ಇಲ್ಲಿ ನೆರವಾಗುತ್ತದೆ.

ಸಾವಿರ ಯಾಕೆ ಬೇಡ ಎಂದಿದ್ದೆನಲ್ಲ. ಕ್ಲಚ್ ಒಂದು ರೀತಿಯಲ್ಲಿ ಫ್ಯೂಸ್ ಕೂಡ. ಅಸಾಧ್ಯ ಹೊಡೆತ ಬಿದ್ದಾಗ ಅದು ಒಂದು ಎಳೆ ಜಾರಿ ಹೊಡೆತದ ತುದಿಯನ್ನು ಕತ್ತರಿಸುತ್ತದೆ. ಎಂದೂ ಜಾರದ ಕ್ಲಚ್ ಹಾಕಿ, ಹಬ್‌ನಿಂದ ಸ್ಪ್ರಿಂಗುಗಳನ್ನೂ ತೆಗೆದರೆ ಆ ಹೊಡೆತ ನೇರವಾಗಿ ಗೇರಿನ ಹಲ್ಲಿಗೆ, ಆಕ್ಸಲ್ಲಿಗೆ ಹೋಗುತ್ತದೆ. ನಿಮ್ಮ ಗೇರ್‌ಬಾಕ್ಸ್ ಕಂಪನಿಯದೇ. ಅದನ್ನು ವಿನ್ಯಾಸ ಮಾಡಿದ್ದು 280ಕ್ಕೆ ಒಂದಿಷ್ಟು ಮೀಸಲು ಸೇರಿಸಿ. 518 ನ್ಯೂಟನ್ ಮೀಟರ್ ಎಷ್ಟು ದಿನ ತಡೆಯುತ್ತದೆ ಎಂಬ ಪ್ರಶ್ನೆ ಕ್ಲಚ್‌ನದಲ್ಲ, ಆದರೂ ಕ್ಲಚ್ ಹಾಕಿದ ಮರುದಿನದಿಂದಲೇ ಅದು ಏಳುತ್ತದೆ. ಟ್ಯೂನರ್ ಬಳಿ ಹೋದಾಗ ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಗೋಪುರದಂತೆ ಏಳುವುದನ್ನು ಸ್ವಲ್ಪ ತಟ್ಟಿ ಚಪ್ಪಟೆ ಮಾಡಲು ಹೇಳಿ. ಅಶ್ವಶಕ್ತಿ ಅಷ್ಟೇ ಉಳಿಯುತ್ತದೆ, ಗರಿಷ್ಠ ಟಾರ್ಕ್ ಇಳಿಯುತ್ತದೆ, ಕ್ಲಚ್, ಗೇರ್‌ಬಾಕ್ಸ್ ಎರಡಕ್ಕೂ ಆಯುಷ್ಯ. ಈ ಒಂದೇ ಕೆಲಸಕ್ಕೆ ಬಿಡಿಭಾಗವೇ ಬೇಕಿಲ್ಲ, ಅದಕ್ಕೇ ಇರಬೇಕು ಯಾರೂ ಇದನ್ನು ಸೂಚಿಸುವುದಿಲ್ಲ.

ಡ್ಯುಯಲ್ ಮಾಸ್ ಫ್ಲೈವೀಲ್ ಉಳಿಸಿಕೊಳ್ಳಬೇಡಿ. ಅದರ ಒಳಗಿನ ಬಾಗಿದ ಸ್ಪ್ರಿಂಗುಗಳನ್ನೂ ಎಂಜಿನ್ನಿನ ಮೂಲ ಟಾರ್ಕಿಗೆ ತಕ್ಕಂತೆ ಆರಿಸಿರುತ್ತಾರೆ. ಅವು ಕೊನೆಯವರೆಗೆ ಒತ್ತಿಹೋಗಿ ಬಡಿದುಕೊಳ್ಳಲು ಶುರುವಾದರೆ ಫ್ಲೈವೀಲ್ ಒಳಗಿಂದ ಸಡಿಲವಾಗುತ್ತದೆ. ನಿಮ್ಮದು ಈಗಾಗಲೇ ಎಷ್ಟು ಪೆಟ್ಟು ತಿಂದಿದೆಯೋ. ಟ್ವಿನ್ ಪ್ಲೇಟಿನ ಜೊತೆಗೆ ಒಂದೇ ತುಂಡಿನ ಉಕ್ಕಿನ ಫ್ಲೈವೀಲ್ ಬರುವುದು ವಾಡಿಕೆ. ಹಳೆಯ ಎರಕದ ಕಬ್ಬಿಣದ್ದನ್ನು ಕಡೆದು ಹಗುರ ಮಾಡಿ ಹಾಕುವ ಉಳಿತಾಯಕ್ಕೆ ಕೈಹಾಕಬೇಡಿ. 7000 ಆರ್‌ಪಿಎಂನಲ್ಲಿ ಫ್ಲೈವೀಲ್ ಒಡೆದರೆ ಅದರ ಚೂರುಗಳಿಗೆ ಕ್ಲಚ್ ಸುತ್ತಲಿನ ಕವಚವಾದ ಬೆಲ್‌ಹೌಸಿಂಗ್ ಒಂದು ತಡೆಯೇ ಅಲ್ಲ, ಮತ್ತು ಅದರ ಪಕ್ಕದಲ್ಲೇ ನಿಮ್ಮ ಪಾದಗಳಿರುತ್ತವೆ. ಡ್ರ್ಯಾಗ್ ರೇಸಿಂಗ್‌ನಲ್ಲಿ ಕ್ಲಚ್, ಫ್ಲೈವೀಲುಗಳಿಗೆ ಎಸ್‌ಎಫ್‌ಐ (ಮೋಟಾರ್ ಕ್ರೀಡೆಯ ಸುರಕ್ಷಾ ಮಾನದಂಡಗಳ ಸಂಸ್ಥೆ) ಪ್ರಮಾಣಪತ್ರ ಕೇಳುವುದು ಇದೇ ಭಯಕ್ಕೆ.

ಒಂದೇ ತುಂಡಿನ ಫ್ಲೈವೀಲಿನ ಬೆಲೆ ತೆರಬೇಕಾದದ್ದು ಸದ್ದಿನಲ್ಲಿ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಗೇರ್‌ಬಾಕ್ಸಿನೊಳಗೆ ಡಬ್ಬದಲ್ಲಿ ಬೆಣಚುಕಲ್ಲು ಅಲ್ಲಾಡಿಸಿದಂತೆ ಕೇಳುತ್ತದೆ, ಪೆಡಲ್ ಒತ್ತಿದರೆ ನಿಲ್ಲುತ್ತದೆ. ಹಾನಿಯೇನೂ ಇಲ್ಲ, ಆದರೆ ಜೊತೆಗೆ ಕೂತವರು ಕೇಳುತ್ತಲೇ ಇರುತ್ತಾರೆ. ಎಂಜಿನ್ನಿನ ಅದುರನ್ನು ಹೀರುವ ಕೆಲಸ ಈಗ ಪೂರ್ತಿ ಹಬ್ ಸ್ಪ್ರಿಂಗುಗಳ ಹೆಗಲಿಗೆ ಬೀಳುವುದರಿಂದಲೇ ಸ್ಪ್ರಿಂಗ್ ಇರುವ ಹಬ್ ಬೇಕೇ ಬೇಕು ಎಂದದ್ದು. ಫ್ಲೈವೀಲ್ ತೀರಾ ಹಗುರವಾದದ್ದೂ ಬೇಡ. ಎಂಜಿನ್ ಚುರುಕಾಗಿ ಏರುತ್ತದೆ ನಿಜ, ಆದರೆ ಶಾಖ ನುಂಗುವ ಕಬ್ಬಿಣ ಕಡಿಮೆಯಾಗುತ್ತದೆ, ಟ್ರಾಫಿಕ್ಕಿನಲ್ಲಿ ಮತ್ತೆಮತ್ತೆ ಎಂಜಿನ್ ಆರಿಹೋಗುತ್ತದೆ. ಒಂದೇ ಎಂಜಿನ್ನಿಗೆ ಎರಡು ತೂಕದ್ದು ಸಿಗುವುದಾದರೆ ದಿನಬಳಕೆಗೆ ಭಾರದ್ದನ್ನೇ ತೆಗೆದುಕೊಳ್ಳಿ.

ಭಾರದ ಪ್ರೆಷರ್ ಪ್ಲೇಟ್ ಬಗ್ಗೆ ನನಗಿರುವ ತಕರಾರು ಕಾಲುನೋವಿನದ್ದು ಮಾತ್ರವಲ್ಲ. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್, ಪ್ರೆಷರ್ ಪ್ಲೇಟನ್ನು ಒತ್ತಿಹಿಡಿಯುವ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳನ್ನು ತಳ್ಳುತ್ತದೆ. ಆ ಬಲ ಹೋಗಿ ಕೂರುವುದು ಕ್ರ್ಯಾಂಕ್‌ಶಾಫ್ಟ್ ಹಿಂದುಮುಂದು ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗಿನ ಮೇಲೆ. ಎಂಜಿನ್ ಓಡುತ್ತಿದ್ದರೆ ಎಣ್ಣೆಯ ಪದರ ಕಾಪಾಡುತ್ತದೆ. ಪೆಡಲ್ ಒತ್ತಿಯೇ ಸ್ಟಾರ್ಟ್ ಮಾಡುವ ಕಾರುಗಳಲ್ಲಿ, ಎಣ್ಣೆ ಇನ್ನೂ ಏರಿರದ ಆ ಮೊದಲ ಸೆಕೆಂಡಿನಲ್ಲಿ, ಒಣ ಲೋಹ ಒಣ ಲೋಹವನ್ನು ಉಜ್ಜುತ್ತದೆ. ಸಿಗ್ನಲ್ಲಿನಲ್ಲಿ ಗೇರ್ ಹಾಕಿ ಪೆಡಲ್ ತುಳಿದು ನಿಲ್ಲುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಯಾವ ಕ್ಲಚ್ ಹಾಕಿಸಿದರೂ.

ಕೊಳ್ಳುವ ಮುನ್ನ ಮಾರುವವರಿಂದ ಬರವಣಿಗೆಯಲ್ಲಿ ಕೇಳಬೇಕಾದದ್ದು: ಟಾರ್ಕ್ ಸಾಮರ್ಥ್ಯ ಎಷ್ಟು, ಅದು ಕ್ರ್ಯಾಂಕಿನದೋ ಚಕ್ರದ್ದೋ, ಒತ್ತುವ ಬಲ ಎಷ್ಟು ನ್ಯೂಟನ್, ಸವೆದ ಮೇಲೆ ಪ್ಲೇಟ್‌ಗಳು ಬಿಡಿಯಾಗಿ ಸಿಗುತ್ತವೆಯೆ, ನಿಮ್ಮ ಇನ್‌ಪುಟ್ ಶಾಫ್ಟಿನ ಸ್ಪ್ಲೈನಿಗೆ (ಪ್ಲೇಟ್ ಕೂರುವ ಉದ್ದುದ್ದ ಹಲ್ಲುಗಳಿಗೆ) ಹೊಂದುತ್ತದೆಯೆ, ಕ್ಲಚ್ಚನ್ನು ತಳ್ಳುವ ಕಂಪನಿಯ ಸ್ಲೇವ್ ಸಿಲಿಂಡರ್ ಸಾಕೆ ಅಥವಾ ಬದಲಿಸಬೇಕೆ. ಇವಿಷ್ಟಕ್ಕೆ ಅಂಕಿಯಲ್ಲಿ ಉತ್ತರ ಬಾರದೆ ‘ಚಿಂತೆ ಬಿಡಿ, ಎಲ್ಲರೂ ಇದನ್ನೇ ಹಾಕಿಸುತ್ತಾರೆ’ ಎಂಬ ಭರವಸೆ ಬಂದರೆ ಬೇರೆಯವರನ್ನು ಹುಡುಕಿ.

ಜೋಡಿಸುವ ದಿನ ಸಾಧ್ಯವಾದರೆ ನೀವೂ ಅಲ್ಲಿರಿ. ಹೊಸ ಫ್ಲೈವೀಲಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಕಳಿಸಿರುತ್ತಾರೆ. ಬ್ರೇಕ್ ಕ್ಲೀನರ್ ಹಾಕಿ, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಬೇಕು. ಪ್ಲೇಟಿನ ಮೇಲೆ ‘ಫ್ಲೈವೀಲ್ ಕಡೆ’ ಎಂಬ ಗುರುತಿರುತ್ತದೆ, ಟ್ವಿನ್ ಪ್ಲೇಟಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೂ ಇರುತ್ತದೆ. ಸ್ಪ್ಲೈನಿಗೆ ಗ್ರೀಸ್ ಹಚ್ಚುವುದು ಇಲ್ಲವೆನ್ನುವಷ್ಟು ತೆಳ್ಳಗೆ. ಹೆಚ್ಚಾದರೆ ಅದು ಹಾರಿ ಕೂರುವುದು ಲೈನಿಂಗಿನ ಮೇಲೆಯೇ. ಕವರಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಫ್ಲೈವೀಲಿನ ಬೋಲ್ಟುಗಳು ಹೊಸವೇ ಆಗಿರಲಿ. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಹೊಸದು. ಆ ಆಯಿಲ್ ಸೀಲ್ ಮರೆಯಬೇಡಿ. ಹಳೆಯ ಕ್ಲಚ್‌ನ ಧೂಳನ್ನು ಗಾಳಿ ಊದಿ ಹಾರಿಸಲು ಬಿಡಬೇಡಿ. ಕೊನೆಗೆ ಪೆಡಲಿನ ಓಟ ಅಳೆದು, ಅಗತ್ಯಕ್ಕಿಂತ ಕೆಳಗೆ ಹೋಗದಂತೆ ತಡೆ ಹಾಕಿಸಿ. ಅತಿಯಾಗಿ ತುಳಿದರೆ ಡಯಾಫ್ರಮ್ ಬೆರಳುಗಳು ಮಿತಿ ಮೀರಿ ಬಾಗುತ್ತವೆ.

ಆಮೇಲಿನ 800 ಕಿಲೋಮೀಟರ್ ನಿಮ್ಮ ತಾಳ್ಮೆಯ ಪರೀಕ್ಷೆ. ಟರ್ಬೊ ಒತ್ತಡ ಇಳಿಸಿಟ್ಟು, ಊರೊಳಗೆ ನಿಂತು ಹೊರಟು ಓಡಿಸಿ. ಲೈನಿಂಗಿನ ಉಬ್ಬುತಗ್ಗು ಫ್ಲೈವೀಲಿನ ಮುಖಕ್ಕೆ ಹೊಂದಿಕೊಳ್ಳುವುದು ಪ್ರತಿ ಸಲ ಮೆತ್ತಗೆ ಕ್ಲಚ್ ಬಿಡುವಾಗ ಮಾತ್ರ. ಹೆದ್ದಾರಿಯಲ್ಲಿ ಆರನೇ ಗೇರಿಗೆ ಹಾಕಿ ಒಂದೇ ಭಾನುವಾರ 800 ಮುಗಿಸಿ ಬಂದೆ ಎನ್ನುವವರಿದ್ದಾರೆ. ಅವರು ಅಷ್ಟು ದೂರದಲ್ಲಿ ಕ್ಲಚ್ ಒತ್ತಿದ್ದು ಹತ್ತೋ ಹನ್ನೆರಡೋ ಸಲ, ಅದು ಒಂದು ಬೆಳಗಿನ ಕಚೇರಿ ಪ್ರಯಾಣಕ್ಕೂ ಸಮವಲ್ಲ. ಮೊದಲ ವಾರ ಸಣ್ಣ ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಎರಡನೇ ವಾರವೂ ಬಂದರೆ ಅಥವಾ ಪೆಡಲ್ ಹಿಡಿಯುವ ಜಾಗ ದಿನದಿನಕ್ಕೆ ಬದಲಾಗುತ್ತಿದ್ದರೆ ಹೈಡ್ರಾಲಿಕ್ಸಿನ ಗಾಳಿ ತೆಗೆಸಿ. ಅವಧಿ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ಐದನೇ ಗೇರಿಗೆ ಹಾಕಿ, 2500 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮತ್ತು ವೇಗದ ಮುಳ್ಳು ಒಟ್ಟೊಟ್ಟಿಗೆ ಏರಿದರೆ ಟ್ಯೂನರ್ ಬಳಿ ಹೋಗಿ ಟರ್ಬೊ ಒತ್ತಡವನ್ನು ಮೊದಲಿನಂತೆ ಮಾಡಿಸಿಕೊಳ್ಳಿ.